ಅಪ್‌ಡೇಟ್: ಅರ್ಧ ಡಾಕ್ಯುಮೆಂಟ್‌ಗಳು ಯಾಕೆ ಉಳಿಯುತ್ತಿದ್ದವು ಅಂತ ಗೊತ್ತಾಯಿತು

ಡಾಕ್ಯುಮೆಂಟ್ ಕೂಡಿಟ್ಟು ಹುಡುಕುವ ಸಂಗ್ರಹವಾದ ನಾಲೆಡ್ಜ್ ಬೇಸ್‌ನಿಂದ ಹಳೆಯ ಡಾಕ್ಯುಮೆಂಟ್‌ಗಳನ್ನು ಒಟ್ಟಿಗೆ ಅಳಿಸುವ ಸ್ಕ್ರಿಪ್ಟ್ ಬರೆದಿದ್ದೇನೆ, ಪ್ರತಿ ಸಲ ಅರ್ಧದಷ್ಟು ಉಳಿದುಬಿಡುತ್ತವೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ತಪ್ಪು ನನ್ನದೇ.

ಮೊದಲ ಪುಟದ 100 ಡಾಕ್ಯುಮೆಂಟ್ ತರಿಸಿ, ಅಳಿಸಿ, ಆಮೇಲೆ ಆಫ್‌ಸೆಟ್ 100 ಕೊಟ್ಟು (ಅಂದರೆ ಮೊದಲ 100 ಬಿಟ್ಟು) ಮುಂದಿನ ಪುಟ ಕೇಳುತ್ತಿದ್ದೆ. ಆದರೆ ಮೊದಲ 100 ಹೋದ ಮೇಲೆ ಉಳಿದವು ಮೇಲಕ್ಕೆ ಸರಿಯುತ್ತವೆ, ಅಲ್ವಾ? 101ನೆಯದೇ ಈಗ 1ನೆಯದು. ಹಾಗಾಗಿ ಒಂದು ಪುಟ ಬಿಟ್ಟು ಒಂದು ಪುಟ ಅಳಿಯುತ್ತಿತ್ತು.

ಈಗ ಎಲ್ಲ ಐಡಿಗಳನ್ನೂ ಹೆಸರಿನ ಸಮೇತ ಮೊದಲು ಒಂದು ಫೈಲಿಗೆ ಬರೆದುಕೊಂಡು, ಆಮೇಲೆ ಅಳಿಸುತ್ತೇನೆ. ನಡುವೆ ಒಮ್ಮೆ ಕಣ್ಣಾಡಿಸಲೂ ಆಗುತ್ತದೆ. ಹಾಗೆ ನೋಡಿದಾಗಲೇ ದಿನಾ ಬಳಸುವ ಎರಡು ಕೈಪಿಡಿಗಳೂ ಆ ಪಟ್ಟಿಯಲ್ಲಿ ಕೂತಿದ್ದು ಕಂಡಿತು. ಎದೆ ಧಸಕ್ ಎಂದಿತು!

ಸರ್ವರ್‌ನಿಂದ 429 (ತುಂಬಾ ಬೇಗ ಬೇಗ ಕೇಳುತ್ತಿದ್ದೀರಿ ಎಂಬ ಉತ್ತರ) ಬಂದರೆ, ಸ್ಕ್ರಿಪ್ಟ್ ಅದರ ಜೊತೆ ಬರುವ ರಿಟ್ರೈ-ಆಫ್ಟರ್ ಹೆಡರ್ ಹೇಳಿದಷ್ಟು ಹೊತ್ತು ಸುಮ್ನೆ ಕಾಯುತ್ತದೆ. 404 (ಕೇಳಿದ್ದು ಸಿಗಲಿಲ್ಲ ಎಂಬ ಉತ್ತರ) ಬಂದರೆ ಆಗಲೇ ಹೋಗಿದೆ ಅಂತ ಮುಂದೆ ಸಾಗುತ್ತದೆ.

ಇನ್ನೊಂದು ಬಾಕಿ ಇದೆ. ಡಾಕ್ಯುಮೆಂಟ್ ಅಳಿದರೂ, ಅರ್ಥದ ಹೋಲಿಕೆಯಿಂದ ಹುಡುಕಲು ಬಳಸುವ ವೆಕ್ಟರ್ ಇಂಡೆಕ್ಸ್‌ನಲ್ಲಿ ಅದರ ತುಣುಕುಗಳು ಉಳಿದಿವೆ, ಹುಡುಕಿದರೆ ಇನ್ನೂ ಬರುತ್ತಿವೆ. ಈ ವಾರ ಅದನ್ನು ನೋಡಬೇಕು.