ಮೂರು ವೇಷದ ಕಂಪ್ಯೂಟರ್: ನಮ್ಮ ‘ಮನೆಮಂದಿ’ ಗುಂಪಿನಲ್ಲಿ ನಡೆದ ಚರ್ಚೆ

ಅಕ್ಕ (ಡಲ್ಲಾಸ್), ರಾತ್ರಿ 8.05
ಪುಟ್ಟ, ನೀನು ಕೇಳಿದ್ದ ವನ್‌ಎಕ್ಸ್‌ಪ್ಲೇಯರ್ ಎಕ್ಸ್1ರ ವಿವರವನ್ನು ಮೇಲೆ ಹಾಕಿದ್ದೇನೆ. 10.95 ಇಂಚಿನ ಪರದೆ, ಇಂಟೆಲ್ ಕೋರ್ ಅಲ್ಟ್ರಾ ಪ್ರೊಸೆಸರ್, 65 ವ್ಯಾಟ್-ಅವರ್ ಬ್ಯಾಟರಿ ಇವೆ. ಕೀಬೋರ್ಡ್ ಜೋಡಿಸಿದರೆ ಅದು ಲ್ಯಾಪ್‌ಟಾಪ್, ತೆಗೆದರೆ ಟ್ಯಾಬ್ಲೆಟ್, ಎರಡು ಬದಿಗೂ ಕಂಟ್ರೋಲರ್ ಸಿಕ್ಕಿಸಿದರೆ ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಯಂತ್ರ. ಡಿಸೆಂಬರಿನಲ್ಲಿ ಊರಿಗೆ ಬರುವಾಗ ನಾನೇ ತರಬಲ್ಲೆ. ಹಿರಿಯರೆಲ್ಲ ಒಪ್ಪಿದರೆ ಈ ವಾರವೇ ಆರ್ಡರ್ ಮಾಡುತ್ತೇನೆ.

ಅಪ್ಪ (ತೀರ್ಥಹಳ್ಳಿ), ರಾತ್ರಿ 8.20
ಅಡಿಕೆ ಮಾರಿದ ಹಣದಲ್ಲಿ ಇವನ ಕಂಪ್ಯೂಟರಿಗೆಂದು 90 ಸಾವಿರ ತೆಗೆದಿಟ್ಟಿದ್ದೇನೆ. ಮೂರು ವಸ್ತು ಒಂದರಲ್ಲೇ ಸಿಗುವುದಾದರೆ ನನಗೇನೂ ಬೇಸರವಿಲ್ಲ, ಸ್ವಲ್ಪ ಹೆಚ್ಚಾದರೂ ಹೊಂದಿಸಿಯೇನು. ಆದರೆ ತಮ್ಮ ಏನನ್ನುತ್ತಾನೆಂದು ಕೇಳದೆ ನಾನು ಹೂಂ ಅನ್ನುವುದಿಲ್ಲ. ಈ ಸಾಮಾನುಗಳನ್ನು ದಿನಾ ಬಿಚ್ಚುವವನು ಅವನು.

ಚಿಕ್ಕಪ್ಪ (ಶಿವಮೊಗ್ಗ), ರಾತ್ರಿ 8.52
ಅಣ್ಣ, ನನ್ನ ಮನಸ್ಸು ಒಪ್ಪುತ್ತಿಲ್ಲ. ಕಾರಣವನ್ನು ಬಿಡಿಸಿ ಹೇಳುತ್ತೇನೆ. ಹೋದ ತಿಂಗಳು ನನ್ನ ಅಂಗಡಿಗೆ ಕೀಬೋರ್ಡ್ ಕಳಚುವ ಜಾತಿಯ ಒಂದು ಟ್ಯಾಬ್ಲೆಟ್ ಬಂದಿತ್ತು. ಒಳಗಿನ ಬ್ಯಾಟರಿ ಉಬ್ಬಿ ಪರದೆಯ ಒಂದು ಅಂಚು ಅಕ್ಕಿಕಾಳಿನಷ್ಟು ಮೇಲೆದ್ದಿತ್ತು. ಅದಕ್ಕೆ ಹೊರಗೆ ಒಂದೂ ಸ್ಕ್ರೂ ಇರಲಿಲ್ಲ. ಪರದೆಯನ್ನೇ ದೇಹಕ್ಕೆ ಅಂಟಿನಿಂದ ಕೂರಿಸಿದ್ದರಿಂದ, ಅಂಚನ್ನು ಬಿಸಿಗಾಳಿಯಲ್ಲಿ ಕಾಯಿಸಿ, ತೆಳುವಾದ ಪ್ಲಾಸ್ಟಿಕ್ ಚೂರನ್ನು ಸುತ್ತಲೂ ತೂರಿಸುತ್ತ ಮುಕ್ಕಾಲು ಗಂಟೆ ಕೂತಿದ್ದೆ. ಕೊನೆಯ ಮೂಲೆಗೆ ಬಂದಾಗ ಗಾಜು ಸೀಳಿತು. ಹೀಗಾಗಬಹುದೆಂದು ನಾನು ಮೊದಲೇ ಹೇಳಿದ್ದೆ, ಗಿರಾಕಿಯೂ ಒಪ್ಪಿದ್ದರು. ಆದರೂ ಅವರ ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಎರಡೂ ಒಂದೇ ಮಧ್ಯಾಹ್ನ ಹೋದವು. ಸಾಮಾನ್ಯ ಲ್ಯಾಪ್‌ಟಾಪಿನಲ್ಲಾದರೆ ಕೆಳಗಿನ ಹತ್ತು ಸ್ಕ್ರೂ ಬಿಚ್ಚಿ, ಬ್ಯಾಟರಿ ಬದಲಿಸಿ, ಅರ್ಧ ಗಂಟೆಯಲ್ಲಿ ಕೈಗೆ ಕೊಡುತ್ತೇನೆ. ಮೂರನ್ನು ಒಂದಾಗಿಸಿದಾಗ ಕೆಡುವ ಜಾಗವೂ ಒಂದೇ ಆಗುತ್ತದೆ ಎಂಬುದೇ ನನ್ನ ಮುಖ್ಯ ಆತಂಕ.

ಪುಟ್ಟ, ರಾತ್ರಿ 9.15
ಚಿಕ್ಕಪ್ಪ, ನಿಮ್ಮ ಮಾತನ್ನು ತೆಗೆದುಹಾಕುತ್ತಿಲ್ಲ, ಆದರೆ ಈ ಬಗೆಯ ಎಲ್ಲ ಯಂತ್ರಗಳೂ ಹಾಗೆ ಅಂಟಿಸಿದವಲ್ಲ. 2022ರಲ್ಲಿ ವಾಲ್ವ್ ಕಂಪನಿ ತಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ಕಿನ ಹಿಂಬದಿಯನ್ನು ಸ್ಕ್ರೂ ತೆಗೆದು ಬಿಚ್ಚಬಹುದು, ಅದರ ಬಿಡಿಭಾಗಗಳನ್ನು ಐಫಿಕ್ಸಿಟ್ ಸಂಸ್ಥೆ ಮಾರುತ್ತದೆ, ಫೈಲುಗಳು ಉಳಿಯುವ ಎಸ್‌ಎಸ್‌ಡಿಯನ್ನು ಮನೆಯಲ್ಲೇ ಬದಲಿಸಿದವರು ಎಷ್ಟೋ ಜನ ಇದ್ದಾರೆ. ಇನ್ನು ನನ್ನ ಅಗತ್ಯವನ್ನು ಹೇಳಬೇಕು. ಹಾಸ್ಟೆಲ್ಲಿನಲ್ಲಿ ಇಬ್ಬರಿಗೆ ಒಂದು ಕೋಣೆ, ಒಂದು ಮೇಜು. ಊರಿಗೆ ಬರುವಾಗ ಆಗುಂಬೆ ಘಾಟಿಯ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂರಬೇಕು. ತರಗತಿಯಲ್ಲಿ ಪೆನ್ನಿನಿಂದ ಯಂತ್ರಭಾಗಗಳ ಚಿತ್ರ ಬರೆದುಕೊಳ್ಳಬೇಕು, ಕೋಣೆಯಲ್ಲಿ ವರದಿ ಟೈಪ್ ಮಾಡಬೇಕು, ರಾತ್ರಿ ಗೆಳೆಯ ಮಲಗಿದ ಮೇಲೆ ದೀಪ ಹಾಕದೆ ಸ್ವಲ್ಪ ಹೊತ್ತು ಆಡಬೇಕು. ಮೂರು ವಸ್ತುಗಳಿಗೆ ನನ್ನಲ್ಲಿ ಜಾಗವೂ ಇಲ್ಲ, ಮೂರು ಚಾರ್ಜರ್ ಹೊರುವ ಮನಸ್ಸೂ ಇಲ್ಲ.

ಹಿಂದೆ ಇಂಥ ಪ್ರಯತ್ನಗಳು ಸೋತದ್ದು ನಿಜ. 2013ರಲ್ಲಿ ಬಂದ ರೇಜರ್ ಎಡ್ಜ್ ಕೂಡ 10.1 ಇಂಚಿನ ವಿಂಡೋಸ್ ಟ್ಯಾಬ್ಲೆಟ್ಟೇ, ಅದಕ್ಕೂ ಎರಡು ಕಡೆ ಹಿಡಿಕೆಗಳಿದ್ದವು. ಆದರೆ ಅದರಲ್ಲಿ ಪ್ರೊಸೆಸರ್ ಬೇರೆ, ಗ್ರಾಫಿಕ್ಸ್ ಚಿಪ್ ಬೇರೆ. ಈಗ ಎರಡೂ ಒಂದೇ ಚಿಪ್ಪಿನಲ್ಲಿ ಸೇರಿವೆ. ಕೈಯಲ್ಲಿ ಹಿಡಿದು ಆಡುವ ಇನ್ನೊಂದು ಯಂತ್ರವಾದ 2023ರ ಆರ್‌ಒಜಿ ಆಲೈನಲ್ಲಿರುವ ಎಎಂಡಿ ಚಿಪ್ 9ರಿಂದ 30 ವ್ಯಾಟ್ ಒಳಗೇ ಕೆಲಸ ಮಾಡುತ್ತದೆ. ಹತ್ತು ವರ್ಷದ ಹಿಂದೆ ಆಗದಿದ್ದುದು ಇಂದು ಆಗುತ್ತಿರುವುದಕ್ಕೆ ಇದೇ ಕಾರಣ.

ಚಿಕ್ಕಪ್ಪ, ರಾತ್ರಿ 9.48
ಚಿಪ್ಪಿನ ವಿಷಯದಲ್ಲಿ ನೀನು ಹೇಳಿದ್ದು ಸರಿಯಾಗಿದೆ, ಓದಿಕೊಂಡು ಬಂದಿದ್ದೀಯ ಎಂದು ಖುಷಿಯೂ ಆಯಿತು. ಆದರೆ ನೀನು ಕೊಟ್ಟ ಒಳ್ಳೆಯ ಉದಾಹರಣೆ ಸ್ಟೀಮ್ ಡೆಕ್. ಅದು ಆಟಕ್ಕೆಂದೇ ಮಾಡಿದ್ದು, ಟ್ಯಾಬ್ಲೆಟ್ ಆಗಲು ಹೊರಟದ್ದಲ್ಲ, ಆದ್ದರಿಂದಲೇ ದಪ್ಪಗಿರಲು, ಸ್ಕ್ರೂ ಇಟ್ಟುಕೊಳ್ಳಲು ಅದಕ್ಕೆ ಅವಕಾಶವಾಯಿತು. ಟ್ಯಾಬ್ಲೆಟ್ ಆಗಬೇಕಾದದ್ದು ತೆಳ್ಳಗಿರಲೇಬೇಕು. ತೆಳ್ಳಗಿರಬೇಕಾದಲ್ಲಿ ಫ್ಯಾನ್ ಚಿಕ್ಕದಾಗುತ್ತದೆ, ಚಿಕ್ಕ ಫ್ಯಾನ್ ಅಷ್ಟೇ ಗಾಳಿಯನ್ನು ದೂಡಲು ಹೆಚ್ಚು ಜೋರಾಗಿ ತಿರುಗುತ್ತದೆ. ದೀಪ ಹಾಕದಿದ್ದರೂ ಆ ಸದ್ದಿಗೆ ನಿನ್ನ ಗೆಳೆಯನಿಗೆ ಎಚ್ಚರವಾದೀತು.

ಬ್ಯಾಟರಿಯ ಲೆಕ್ಕವನ್ನು ನೀನೇ ಹಾಕಿ ನೋಡು. ಆಟ ಆಡುವಾಗ ಚಿಪ್ 28 ವ್ಯಾಟ್ ತೆಗೆದುಕೊಂಡರೆ ಪರದೆ, ಮೆಮೊರಿ, ಫ್ಯಾನ್, ವೈಫೈ ಸೇರಿ ಒಟ್ಟು ಸುಮಾರು 40 ವ್ಯಾಟ್ ಎಂದಿಟ್ಟುಕೊಳ್ಳೋಣ. ಬ್ಯಾಟರಿಯ 65 ವ್ಯಾಟ್-ಅವರನ್ನು 40ರಿಂದ ಭಾಗಿಸಿದರೆ ಒಂದು ಗಂಟೆ ಮೂವತ್ತೇಳು ನಿಮಿಷ. ರಾತ್ರಿ ಆಡಿ ಮಲಗಿ, ಚಾರ್ಜಿಗೆ ಹಾಕಲು ಮರೆತರೆ ಬೆಳಗಿನ ತರಗತಿಗೆ ನಿನ್ನ ನೋಟ್‌ಬುಕ್ಕೂ ಇಲ್ಲ. ಬೇರೆ ಬೇರೆ ವಸ್ತುಗಳಿದ್ದರೆ ಆಟದ್ದು ಖಾಲಿಯಾದರೂ ಓದಿನದು ಉಳಿಯುತ್ತದೆ. ಮೇಲಾಗಿ ಬ್ಯಾಟರಿ ದಿನಾ ಬಿಸಿಯಲ್ಲೇ ಪೂರ್ತಿ ಖಾಲಿಯಾಗುತ್ತ, ಬಿಸಿಯಲ್ಲೇ ಪೂರ್ತಿ ತುಂಬುತ್ತ ಇದ್ದರೆ ಬೇಗ ಸೊರಗುತ್ತದೆ. ನಾನು ಹೇಳಿದ ಉಬ್ಬುವ ಕಥೆ ಅನೇಕ ಸಲ ಅಲ್ಲಿಂದಲೇ ಶುರುವಾಗುವುದು.

ಅಕ್ಕ, ರಾತ್ರಿ 10.02
ಚಿಕ್ಕಪ್ಪ, ಕೋಣೆಯಲ್ಲಿ ಆಡುವಾಗ ಚಾರ್ಜರ್ ಸಿಕ್ಕಿಸಿಯೇ ಆಡಬಹುದಲ್ಲವೇ? ನಾನೇ ನಾಲ್ಕು ವರ್ಷದಿಂದ ಕೀಬೋರ್ಡ್ ಕಳಚುವ ಟ್ಯಾಬ್ಲೆಟ್ಟಿನಲ್ಲಿ ಕಚೇರಿಯ ಕೆಲಸ ಮಾಡುತ್ತಿದ್ದೇನೆ. ಮೀಟಿಂಗಿನಲ್ಲಿ ಪೆನ್ನಿನಿಂದ ಬರೆಯುವ ಅನುಕೂಲವನ್ನು ಒಮ್ಮೆ ಕಂಡವರು ಹಿಂದಕ್ಕೆ ಹೋಗಲಾರರು. ಮೇಜಿಗೆ ಬಂದರೆ ಒಂದೇ ತಂತಿಯಲ್ಲಿ ದೊಡ್ಡ ಮಾನಿಟರ್, ಮೌಸ್ ಎಲ್ಲವೂ ಜೋಡಣೆಯಾಗುತ್ತವೆ. ಆದರೆ ಒಂದು ಮಾತನ್ನು ಮುಚ್ಚಿಡಬಾರದು: ಹಿಂದಿನ ಕಾಲನ್ನು ಚಾಚಿ ನಿಲ್ಲಿಸುವ ಇಂಥ ಯಂತ್ರ ಮೇಜಿನ ಮೇಲೆ ಭದ್ರವಾಗಿ ನಿಲ್ಲುತ್ತದೆ, ತೊಡೆಯ ಮೇಲೆ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಟೈಪ್ ಮಾಡುವ ಆಸೆಯನ್ನು ಪುಟ್ಟ ಬಿಡಬೇಕಾಗುತ್ತದೆ.

ಅತ್ತೆ (ಮೈಸೂರು), ರಾತ್ರಿ 10.10
ಕಸ್ಟಮ್ಸಿನವರು ವಿಮಾನನಿಲ್ದಾಣದಲ್ಲಿ ಇದಕ್ಕೆ ಸುಂಕ ಕೇಳಿದರೆ ಮಗು ಏನು ಮಾಡಬೇಕು? ಅವಳದೇ ಒಂದು ಲ್ಯಾಪ್‌ಟಾಪ್ ಇರುತ್ತದೆ, ಇದು ಎರಡನೆಯದು. ಕೆಟ್ಟರೆ ಇಲ್ಲಿ ವಾರಂಟಿ ಕೊಡುವವರು ಯಾರು ಎಂಬುದನ್ನೂ ವಿಚಾರಿಸಿ.

ಅಕ್ಕ, ರಾತ್ರಿ 10.19
ಅತ್ತೆ, 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು ಎಂಬ ನಿಯಮವಿದೆ. ಆದರೆ ಆ ವಿನಾಯಿತಿ ಲ್ಯಾಪ್‌ಟಾಪಿಗೆ, ಆಟದ ಕನ್ಸೋಲಿಗೆ ಅಲ್ಲ. ಹಿಡಿಕೆ ಸಿಕ್ಕಿಸಿದ ಈ ಯಂತ್ರವನ್ನು ಅಧಿಕಾರಿಗಳು ಯಾವುದೆಂದು ಪರಿಗಣಿಸುತ್ತಾರೋ ಅದು ಅವರಿಗೆ ಬಿಟ್ಟದ್ದು. ಬಿಲ್ಲನ್ನು ಕೈಯಲ್ಲೇ ಇಟ್ಟುಕೊಂಡು, ಕೇಳಿದರೆ ಇದ್ದದ್ದನ್ನು ಇದ್ದಹಾಗೆ ಹೇಳಿ, ಸುಂಕ ಬಿದ್ದರೆ ಕಟ್ಟಿ ಬರುತ್ತೇನೆ. ಬ್ಯಾಟರಿ 100 ವ್ಯಾಟ್-ಅವರಿಗಿಂತ ಕಡಿಮೆ ಇರುವುದರಿಂದ ಕ್ಯಾಬಿನ್ ಚೀಲದಲ್ಲಿ ತರಲು ತೊಂದರೆ ಇಲ್ಲ. ವಾರಂಟಿಯ ಮಾತು ನಿಜ. ಕೆಟ್ಟರೆ ಮತ್ತೆ ಯಾರಾದರೂ ಬರುವವರ ಕೈಯಲ್ಲೇ ಕಳಿಸಬೇಕಾಗುತ್ತದೆ.

ದೊಡ್ಡಪ್ಪ (ತೀರ್ಥಹಳ್ಳಿ), ರಾತ್ರಿ 10.31
ಎಲ್ಲರೂ ಯಂತ್ರದ ಬಗ್ಗೆ ಬರೆಯುತ್ತಿದ್ದೀರಿ, ಹುಡುಗನ ದಿನದ ಬಗ್ಗೆ ಯಾರೂ ಕೇಳಲಿಲ್ಲ. ಪುಟ್ಟ, ದಿನಕ್ಕೆ ಎಷ್ಟು ಹೊತ್ತು ಯಾವ ಕೆಲಸ ಮಾಡುತ್ತೀಯ? ಸಂಕೋಚವಿಲ್ಲದೆ ಹೇಳು. ಆಟದ ಹೊತ್ತನ್ನು ಕಡಿಮೆ ಮಾಡಿ ಹೇಳಬೇಡ, ಅದಕ್ಕೆ ನಾನು ಬಯ್ಯುವುದಿಲ್ಲ.

ಪುಟ್ಟ, ರಾತ್ರಿ 10.44
ದೊಡ್ಡಪ್ಪ, ಮೆಕ್ಯಾನಿಕಲ್ ವಿಭಾಗದಲ್ಲಿ ಐದನೇ ಸೆಮಿಸ್ಟರ್ ಆದ್ದರಿಂದ ಸಾಲಿಡ್‌ವರ್ಕ್ಸ್ (ಯಂತ್ರಭಾಗಗಳನ್ನು ವಿನ್ಯಾಸ ಮಾಡುವ ಸಾಫ್ಟ್‌ವೇರ್) ಮತ್ತು ವರದಿಗಳಿಗೆ ದಿನಕ್ಕೆ ನಾಲ್ಕರಿಂದ ಐದು ಗಂಟೆ ಹೋಗುತ್ತದೆ. ತರಗತಿಯಲ್ಲಿ ಪೆನ್ನಿನಿಂದ ಬರೆಯುವುದು ಎರಡು ಗಂಟೆ. ಆಟ ಒಂದು ಗಂಟೆ, ಭಾನುವಾರ ಮೂರು ಗಂಟೆಯೂ ಆಗುತ್ತದೆ.

ಚಿಕ್ಕಪ್ಪ, ರಾತ್ರಿ 11.06
ದೊಡ್ಡಣ್ಣ ಕೇಳಿದ ಪ್ರಶ್ನೆಯಿಂದ ವಿಷಯ ತಿಳಿಯಾಯಿತು. ಸಾಲಿಡ್‌ವರ್ಕ್ಸ್ ವಿಂಡೋಸಿನಲ್ಲಿ ಮಾತ್ರ ನಡೆಯುವುದರಿಂದ ವಿಂಡೋಸ್ ಬದಲು ಸ್ಟೀಮ್‌ಒಎಸ್ ಇರುವ ಸ್ಟೀಮ್ ಡೆಕ್ಕಿನಂಥ ಯಂತ್ರಗಳು ಪಟ್ಟಿಯಿಂದಲೇ ಹೊರಗಾದವು. ಉಳಿದದ್ದು ವಿಂಡೋಸ್ ಇರುವವು. ಸುಮಾರು 11 ಇಂಚಿನಲ್ಲಿ 2560×1600 ಚುಕ್ಕಿ ತುಂಬಿದ ಪರದೆ ಚಿತ್ರಕ್ಕೆ ಚೆಂದ, ನಿಜ. ಆದರೆ ಸಾಲಿಡ್‌ವರ್ಕ್ಸಿನ ಮೆನುಗಳು, ಎಡಬದಿಯ ಫೀಚರ್ ಮರ (ಚಿತ್ರ ಕಟ್ಟಿದ ಹಂತಗಳ ಪಟ್ಟಿ), ಮೇಲಿನ ಪಟ್ಟಿ ಎಲ್ಲ ಕಳೆದು ಚಿತ್ರಕ್ಕೆ ಉಳಿಯುವುದು ಅಂಗೈ ಅಗಲ ಮಾತ್ರ. ಅಕ್ಷರ ದೊಡ್ಡದು ಮಾಡಿದರೆ ಚಿತ್ರದ ಜಾಗ ಇನ್ನೂ ಕುಗ್ಗುತ್ತದೆ. ಐದು ಗಂಟೆ ಹಾಗೆ ಬಗ್ಗಿ ಕೂತರೆ ಕಣ್ಣು, ಕುತ್ತಿಗೆ ಎರಡೂ ಕೇಳುವುದಿಲ್ಲ.

ಇನ್ನೊಂದು ವಿಷಯ ಮೆಮೊರಿಯದು. ಈ ಯಂತ್ರಗಳಲ್ಲಿ ಗ್ರಾಫಿಕ್ಸಿಗೆ ಪ್ರತ್ಯೇಕ ಮೆಮೊರಿ ಇರುವುದಿಲ್ಲ, ಇರುವುದರಲ್ಲೇ ಪಾಲು. 16 ಜಿಬಿಯಲ್ಲಿ 4 ಜಿಬಿ ಅದಕ್ಕೆ ಬಿಟ್ಟರೆ ಹಲವು ಭಾಗ ಜೋಡಿಸಿದ ನಿನ್ನ ಅಸೆಂಬ್ಲಿ ಫೈಲಿಗೆ, ವಿಂಡೋಸಿಗೆ, ತೆರೆದಿಟ್ಟ ಬ್ರೌಸರಿಗೆ ಸೇರಿ 12 ಉಳಿಯಿತು. ಮುಂದಿನ ವರ್ಷ ಸಾಲದೆ ಹೋದರೆ ನಾನು ಹೆಚ್ಚಿಸಿಕೊಡಲಾರೆ, ಏಕೆಂದರೆ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮೆಮೊರಿಯ ಸ್ಲಾಟ್ ಇರುವ 14 ಇಂಚಿನ ಲ್ಯಾಪ್‌ಟಾಪ್ ಹುಡುಕಿದರೆ ಆ ತೊಂದರೆ ಇಲ್ಲ. ಆಟಕ್ಕೆ ಒಂದು ಬ್ಲೂಟೂತ್ ಕಂಟ್ರೋಲರ್ ಕೊಂಡರೆ ಸಾಕು.

ಪುಟ್ಟ, ರಾತ್ರಿ 11.20
ಆದರೆ ಅದರಲ್ಲಿ ಪೆನ್ನು ನಡೆಯುವುದಿಲ್ಲ, ಚಿಕ್ಕಪ್ಪ. ಆ ಎರಡು ಗಂಟೆ ನನಗೆ ತುಂಬ ಮುಖ್ಯ. ಕಾಗದದಲ್ಲಿ ಬರೆದದ್ದನ್ನು ಪರೀಕ್ಷೆಯ ಹೊತ್ತಿಗೆ ಹುಡುಕಲಾಗದೆ ಕಳೆದ ಸೆಮಿಸ್ಟರಿನಲ್ಲಿ ಎಷ್ಟು ಪಾಡುಪಟ್ಟೆನೆಂದು ಅಪ್ಪನಿಗೆ ಗೊತ್ತು.

ಚಿಕ್ಕಪ್ಪ, ರಾತ್ರಿ 11.27
ಅದನ್ನು ನಾನು ಗಮನಿಸಿರಲಿಲ್ಲ, ಒಪ್ಪುತ್ತೇನೆ. ಹಾಗಾದರೆ ಮೂರರಲ್ಲಿ ಪೆನ್ನು ಉಳಿಯಲಿ, ಕೈಯಲ್ಲಿ ಹಿಡಿದು ಆಡುವುದನ್ನು ಪರೀಕ್ಷಿಸೋಣ. ಮನೆಯಲ್ಲಿರುವ ಹಳೆಯ ಟ್ಯಾಬ್ಲೆಟ್ಟನ್ನು ಅಮ್ಮನ ಅಡುಗೆಮನೆಯ ತಕ್ಕಡಿಯಲ್ಲಿಟ್ಟು, 850 ಗ್ರಾಂ ಆಗುವಷ್ಟು ಏನಾದರೂ ಕಟ್ಟು. ಇದೇ ಬಗೆಯ ಲೆನೊವೊದ ಲೀಜನ್ ಗೋ ಯಂತ್ರ ಹಿಡಿಕೆಗಳ ಸಮೇತ 854 ಗ್ರಾಂ ಇದೆ. ಅದರ ಪರದೆ 8.8 ಇಂಚು ಮಾತ್ರ, ನೀನು ಕೇಳುತ್ತಿರುವುದು ಅದಕ್ಕಿಂತ ಅಗಲ. ಅಷ್ಟು ತೂಕವನ್ನು ಎರಡೂ ಕೈಯಲ್ಲಿ, ಮೊಣಕೈ ಊರದೆ, ಅರ್ಧ ಗಂಟೆ ಹಿಡಿದು ಕೂತು ಹೇಳು.

ಪುಟ್ಟ, ಮರುದಿನ ಬೆಳಗ್ಗೆ 7.40
ಟ್ಯಾಬ್ಲೆಟ್ 480 ಗ್ರಾಂ ಇತ್ತು. ಅದರ ಎರಡು ಬದಿಗೂ ಹೆಸರುಬೇಳೆ ತುಂಬಿದ ಚಿಕ್ಕ ಪೊಟ್ಟಣಗಳನ್ನು ಟೇಪಿನಿಂದ ಸುತ್ತಿ 850ಕ್ಕೆ ತಂದೆ. ಹತ್ತು ನಿಮಿಷ ಏನೂ ಅನ್ನಿಸಲಿಲ್ಲ. ಹದಿನೆಂಟನೆಯ ನಿಮಿಷಕ್ಕೆ ಎಡ ಹೆಬ್ಬೆರಳಿನ ಬುಡ ಹಿಡಿದುಕೊಂಡಿತು, ಇಪ್ಪತ್ತೆರಡಕ್ಕೆ ದಿಂಬಿನ ಮೇಲೆ ಊರಿದೆ. ದಿಂಬಿನ ಮೇಲೆ ಊರಿ ಆಡುವುದಾದರೆ ಕಂಟ್ರೋಲರ್ ಬೇರೆ ಇದ್ದರೂ ಆಗುತ್ತದೆ ಎಂದು ನನಗೇ ಅನ್ನಿಸಿತು. ಆದರೆ ಪರದೆ ತಿರುಗಿ ಮಡಚುವ, ಪೆನ್ನು ಹಿಡಿಯುವ 14 ಇಂಚಿನ ಲ್ಯಾಪ್‌ಟಾಪ್‌ಗಳೂ ಇವೆಯಲ್ಲ, ಚಿಕ್ಕಪ್ಪ, ಅವುಗಳ ಬಗ್ಗೆ ನೀವು ಏನೂ ಹೇಳಲಿಲ್ಲ. ನಿನ್ನೆ ನನ್ನ ಹಟದಲ್ಲಿ ನಾನೂ ಕೇಳಲಿಲ್ಲ.

ಚಿಕ್ಕಪ್ಪ, ಬೆಳಗ್ಗೆ 8.15
ಅವುಗಳಲ್ಲೂ ಮೆಮೊರಿ ಬೆಸುಗೆಯದೇ ಹೆಚ್ಚು, ಅದರಿಂದ 32 ಜಿಬಿ ಇರುವುದನ್ನೇ ನೋಡಬೇಕು. ಆದರೆ ಕೆಳಗಿನ ಮುಚ್ಚಳಕ್ಕೆ ಸ್ಕ್ರೂ ಇರುತ್ತದೆ, ಬ್ಯಾಟರಿ ನನ್ನ ಕೈಗೆ ಸಿಗುತ್ತದೆ. ಹಿಂಜ್ ಒಂದೇ ನನಗಿರುವ ಚಿಂತೆ. ಪರದೆಯ ಒಂದೇ ಮೂಲೆ ಹಿಡಿದು ಎತ್ತುವ ಅಭ್ಯಾಸ ನಿನಗಿದೆ, ಅದನ್ನು ಬಿಡಬೇಕು. ಶನಿವಾರ ನಿನ್ನ ಅತಿ ದೊಡ್ಡ ಅಸೆಂಬ್ಲಿ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಅಂಗಡಿಗೆ ಬಾ. ಗೋಪಿ ಸರ್ಕಲ್ ಹತ್ತಿರದ ಒಬ್ಬ ವ್ಯಾಪಾರಿ ಪರಿಚಯದವರು. ಅವರಲ್ಲಿರುವ ಎರಡು ಮಾದರಿಗಳಲ್ಲಿ ಆ ಫೈಲನ್ನು ತೆರೆದು, ತಿರುಗಿಸಿ, ಪೆನ್ನಿನಿಂದ ಒಂದು ಪುಟ ಬರೆದು ನೋಡೋಣ.

ಅಕ್ಕ, ಬೆಳಗ್ಗೆ 8.31
ಹಾಗಾದರೆ ನಾನು ಆರ್ಡರ್ ಮಾಡುವುದಿಲ್ಲ. ಪುಟ್ಟ, ಶನಿವಾರ ಪೆನ್ನಿನಿಂದ ಬರೆದ ಆ ಪುಟದ ಫೋಟೋ ಗುಂಪಿಗೆ ಹಾಕು. ಗೆರೆ ನಿಧಾನವಾಗಿ ಎಳೆದಾಗ ಅಲೆಯಂತೆ ಬಾಗುತ್ತದೆಯೇ ಎಂಬುದನ್ನು ನಾನು ನೋಡಿ ಹೇಳುತ್ತೇನೆ.

ಅಪ್ಪ, ಬೆಳಗ್ಗೆ 8.40
ಶನಿವಾರ ನಾನೂ ಅವನ ಜೊತೆ ಬರುತ್ತೇನೆ, ತಮ್ಮ. ಬೆಳಗಿನ ಏಳೂವರೆಯ ಬಸ್ಸಿಗೆ ಹೊರಡುತ್ತೇವೆ.