ಪದ ಬೇಕಿತ್ತು: ಗಂಟಿನೊಳಗಿನ ‘ಕಾರ್ಟಿಲೇಜ್’ಗೆ, ಸಂಜೆಯೊಳಗೆ

(ಉಡುಪಿಯಿಂದ)

ಎಲ್ಲರಿಗೂ ನಮಸ್ಕಾರ. ಅವಸರದ ಕೆಲಸ, ಬೈಬೇಡಿ. ಪರಿಚಯದವರೊಬ್ಬರು ಅಜ್ಜರಕಾಡಿನ ಹತ್ತಿರ ಫಿಸಿಯೋಥೆರಪಿ ಕ್ಲಿನಿಕ್ ತೆರೆಯುತ್ತಿದ್ದಾರೆ. ಗೋಡೆಗೆ ಮೊಣಗಂಟಿನ ದೊಡ್ಡ ಚಿತ್ರ, ಅದರಡಿ ಕನ್ನಡದಲ್ಲಿ ಮೂರು ಸಾಲು. ಫ್ಲೆಕ್ಸ್ ಅಂಗಡಿಯವರು ಐದು ಗಂಟೆಗೆ ಅಚ್ಚಿಗೆ ಹಾಕುತ್ತಾರಂತೆ. ಇಷ್ಟು ಬರೆದಿದ್ದೇನೆ:

“ಎಲುಬುಗಳ ತುದಿಗೆ ______ ಹೊದಿಕೆ ಇದೆ. ಎಲುಬಿಗೆ ಎಲುಬು ಉಜ್ಜದ ಹಾಗೆ ಇದು ಕಾಯುತ್ತದೆ. ಸವೆದರೆ ತಾನಾಗಿ ಬೆಳೆಯುವುದು ಕಷ್ಟ.”

ಪಠ್ಯಪುಸ್ತಕದ ‘ಮೃದ್ವಸ್ಥಿ’ ಗೊತ್ತು. ಅತ್ತೆಗೆ ಓದಲು ಕೊಟ್ಟೆ. “ಯಾರ ಆಸ್ತಿ?” ಅಂದರು. ಹಾಗೇ ಕಾರ್ಟಿಲೇಜ್ ಸೇರುವ ಗುಂಪು, ಕನೆಕ್ಟಿವ್ ಟಿಶ್ಯೂಗೆ ‘ಸಂಯೋಜಕ ಅಂಗಾಂಶ’ ಬಿಟ್ಟು ಬೇರೆ ಏನಾದರೂ ಇದೆಯೇ?

(ಕಾರ್ಕಳದಿಂದ)

ಇದರಲ್ಲಿ ಕೇಳುವಂಥದ್ದು ಏನಿದೆ? ಮೃದ್ವಸ್ಥಿ. ಹೈಸ್ಕೂಲು ಮಕ್ಕಳು ಬರೆಯುತ್ತಾರೆ, ನಿಮ್ಮ ಅತ್ತೆಯವರಿಗೂ ಅಭ್ಯಾಸವಾಗುತ್ತದೆ. ಇನ್ನೂ ಹಳೆಯದು ಬೇಕಾದರೆ ಸುಶ್ರುತನ ‘ತರುಣಾಸ್ಥಿ’ ಇದೆ. ಎಲುಬನ್ನು ಐದು ಬಗೆ ಮಾಡಿದವನು ಅವನು. ಮೂಗು, ಕಿವಿಯದ್ದನ್ನು ತರುಣ ಅಂದ. ಮಲಯಾಳದವರು ಅದನ್ನೇ ಇಟ್ಟುಕೊಂಡಿದ್ದಾರೆ. ಹೊಸತು ಹುಟ್ಟಿಸುವ ಚಟ ಬೇಡ.

(ಮಂಗಳೂರಿನಿಂದ)

ಮಾಷ್ಟ್ರೇ, ಅಸ್ಥಿ ಅಂದರೆ ನಮ್ಮ ಜನಕ್ಕೆ ಸುಟ್ಟ ಮೇಲೆ ಉಳಿಯುವುದು, ನೀರಿಗೆ ಬಿಡುವುದು. ಕ್ಲಿನಿಕ್ಕಿನ ಗೋಡೆಗೆ ಒಳ್ಳೆಯ ಶಕುನ!

ಎಲು ನಮ್ಮದು. ತುಳುವಿನಲ್ಲಿ ಇವತ್ತಿಗೂ ಎಲು, ತಮಿಳಿನಲ್ಲಿ ಎಲುಂಬು. ಕಾರ್ಟಿಲೇಜನ್ನು ತಮಿಳರು ‘ಕುರುತ್ತೆಲುಂಬು’ ಅನ್ನುತ್ತಾರೆ. ಕುರುತ್ತು ಅಂದರೆ ತೆಂಗು, ತಾಳೆಯ ಎಳೆ ಗರಿ. ಕೋಲಕ್ಕೆ ಕಟ್ಟುವ ತಿರಿ ಉಂಟಲ್ಲ, ಅದೇ. ಬಗ್ಗಿಸಿದರೆ ಬಗ್ಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ನಿಮ್ಮ ಕಿವಿಯನ್ನೇ ಮಡಿಸಿ ನೋಡಿ. ‘ಎಳೆಲುಬು’ ಅಂತ ಹಾಕಿ. ‘ಮೂಳೆ’ ಮಾತ್ರ ಬೇಡ. ತಮಿಳಿನ ಮೂಳೈ ಮಿದುಳು, ಮಜ್ಜೆ. ಒಳಗಿನ ಮೆತ್ತಗಿನದರ ಹೆಸರು ಹೊರಗಿನ ಗಟ್ಟಿಗೆ ಅಂಟಿಕೊಂಡಿದೆ ಅನ್ನುವುದು ನನ್ನ ಹಳೆಯ ವಾದ. ಯಾರೂ ಇನ್ನೂ ಮುರಿದಿಲ್ಲ.

(ಕಾರ್ಕಳದಿಂದ)

ಯಾರೂ ಓದಿಲ್ಲ, ಅದಕ್ಕೆ. ಎಳೆಲುಬು ಅಂದರೆ ಮಗುವಿನ ಎಲುಬು. ತಪ್ಪು.

(ಮಂಗಳೂರಿನಿಂದ)

ತರುಣ ಅಂದರೆ ಮುದುಕನೇ?

(ಮಣಿಪಾಲದಿಂದ)

ನೀವಿಬ್ಬರೂ ವಸ್ತುವನ್ನೇ ಬಿಟ್ಟು ಹೆಸರಿಗೆ ಬಡಿದಾಡುತ್ತಿದ್ದೀರಿ. ಅಂಗರಚನೆ ಪಾಠ ಮಾಡಿದವನಾಗಿ ನನ್ನ ತಕರಾರು ಅಸ್ಥಿಯ ಮೇಲೂ ಹೌದು, ಎಲುಬಿನ ಮೇಲೂ ಹೌದು. ಅದು ಎಲುಬೇ ಅಲ್ಲ. ಎಲುಬಿನೊಳಗೆ ರಕ್ತ ಓಡುತ್ತದೆ. ಮುರಿದರೆ ಪ್ಲಾಸ್ಟರ್ ಹಾಕಿ ಕಾಯಿರಿ, ಕೂಡಿಕೊಳ್ಳುತ್ತದೆ. ಇದಕ್ಕೆ ರಕ್ತನಾಳ ಇಲ್ಲ, ನರವೂ ಇಲ್ಲ. ಗಂಟಿನೊಳಗಿನ ನೀರೇ ಇದರ ಊಟ. ಕಾಲೂರಿದಾಗ ಹಿಂಡಿಕೊಂಡು, ಎತ್ತಿದಾಗ ಹೀರಿಕೊಳ್ಳುತ್ತದೆ, ಸ್ಪಂಜಿನ ಹಾಗೆ. ಮೊಣಗಂಟಿನಲ್ಲಿ ದಪ್ಪ 2ರಿಂದ 4 ಮಿಲಿಮೀಟರ್, ಅಷ್ಟೇ. ನರ ಇಲ್ಲವಾದ್ದರಿಂದ ಸವೆಯಲು ಶುರುವಾದದ್ದೂ ತಿಳಿಯುವುದಿಲ್ಲ. ನೋಯುವುದು ಸುತ್ತಲಿನ ಭಾಗ, ಅಡಿಯ ಎಲುಬು. ‘ಎಳೆಲುಬು’ ಅಂತ ಬರೆದು ನೋಡಿ, ಮೊದಲ ರೋಗಿಯೇ “ಎಲುಬಾದರೆ ಕೂಡುತ್ತದಲ್ವಾ ಡಾಕ್ಟ್ರೇ?” ಅನ್ನುತ್ತಾನೆ.

ಮಲ್ಪೆಯಿಂದ ತೊರಕೆ ಮೀನು ತಂದರೆ ಹೆಚ್ಚುವಾಗ ಗಮನಿಸಿ. ರೆಕ್ಕೆಯೊಳಗೆ ಬಾಚಣಿಗೆಯ ಹಲ್ಲಿನಂತೆ ಬಿಳಿ ಸಾಲು. ಕತ್ತಿ ತಾಗಿದರೆ ಕಚಕ್ ಅನ್ನುತ್ತದೆ, ಚೂರಾಗಿ ಸಿಡಿಯುವುದಿಲ್ಲ. ಸಾರಿನಲ್ಲಿ ಬೆಂದ ಮೇಲೆ ಅಗಿದು ನುಂಗಬಹುದು. ತೊರಕೆಗೂ ತಾಟೆಗೂ (ಶಾರ್ಕ್) ಮೈಯಲ್ಲಿ ಒಂದೇ ಒಂದು ಎಲುಬಿಲ್ಲ, ಇಡೀ ಹಂದರವೇ ಇದು. ನಮ್ಮ ಮೈಯಲ್ಲೂ ಎಲ್ಲ ಕಡೆ ಒಂದೇ ಥರ ಇಲ್ಲ. ಗಂಟಿನದ್ದು, ಮೂಗಿನದ್ದು ಗಾಜಿನಂತೆ ನುಣುಪು. ಕಿವಿಯದ್ದು ಬಳುಕುವಂಥದ್ದು. ಬೆನ್ನಿನ ಡಿಸ್ಕಿನದ್ದು ನಾರು ನಾರು.

ಬೋರ್ಡಿಗೆ ‘ನುಣುಪು ಮೆತ್ತೆ’ ಅನ್ನಿ. ಬರೀ ‘ಮೆತ್ತೆ’ ಬೇಡ, ಎರಡು ಎಲುಬಿನ ನಡುವೆ ಕೂತ ಮೆನಿಸ್ಕಸ್ ಅಂದುಕೊಳ್ಳುತ್ತಾರೆ. ‘ಚಿಪ್ಪು’ ಅಂತೂ ಬೇಡವೇ ಬೇಡ, ಅದು ಮುಂದುಗಡೆಯ ಎಲುಬು.

ಸಂಯೋಜಕ ಅಂಗಾಂಶವನ್ನು ಹಾಗೇ ಬಿಡಿ. ‘ಕಟ್ಟುನಾರು’ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ರಕ್ತವೂ ಇದೇ ಗುಂಪಿನದು. ಅದು ಏನನ್ನು ಕಟ್ಟುತ್ತದೆ? ಇವೆಲ್ಲ ಒಂದು ಗುಂಪಾದದ್ದು ಜೀವಕೋಶಗಳ ನಡುವೆ ತುಂಬಿರುವ ವಸ್ತುವೇ ಜಾಸ್ತಿ ಅನ್ನುವುದರಿಂದ.

(ಕಾರ್ಕಳದಿಂದ)

ಮೆತ್ತೆ ಕುರ್ಚಿಗೆ. ಕಿವಿಯ ಬೋರ್ಡು ಬರೆಯುವಾಗ ‘ಕಿವಿಮೆತ್ತೆ’ ಅನ್ನುತ್ತೀರಾ? ಒಂದು ವಸ್ತುವಿಗೆ ಊರಿಗೊಂದು ಹೆಸರಾದರೆ ಶಾಸ್ತ್ರ ನಡೆಯುವುದಿಲ್ಲ.

(ಮಂಗಳೂರಿನಿಂದ)

ಸಂಸ್ಕೃತ ತಂದರೆ ನಡೆಯುತ್ತದೋ? ಸುಶ್ರುತನ ಸ್ನಾಯು 900, ಅವು ಕಟ್ಟುವ ನಾರುಗಳು. ಮಾಂಸಕ್ಕೆ ಅವನು ಪೇಶಿ ಅಂದ. ನಾವು ಸ್ನಾಯುವನ್ನು ಸಾಲ ತಂದು ಮಾಂಸಕ್ಕೆ ಅಂಟಿಸಿದೆವು. ಆಮೇಲೆ ಮಾಂಸವನ್ನು ಎಲುಬಿಗೆ ಕಟ್ಟುವ ನಾರಿಗೆ ಪದ ಸಾಲದೆ ‘ಸ್ನಾಯುರಜ್ಜು’ ಹೊಸೆದೆವು. ತಂದ ಸಾಲವನ್ನೂ ನೆಟ್ಟಗೆ ಬಳಸಲಿಲ್ಲ. ಊರಲ್ಲಿ ಎಲ್ಲದಕ್ಕೂ ‘ನರ’ ಅನ್ನುತ್ತಾರೆ, ಅದೇ ವಾಸಿ.

(ಮಣಿಪಾಲದಿಂದ)

ವಾಸಿ ಅಲ್ಲ. “ನರ ಉಳುಕಿತು” ಅಂತ ಬಂದವನಿಗೆ ಯಾವ ನರ ಅಂತ ಕೇಳಲು ಅರ್ಧ ಗಂಟೆ ಬೇಕು.

(ಉಡುಪಿಯಿಂದ)

“ಎಲುಬುಗಳ ತುದಿಗೆ ನುಣುಪು ಮೆತ್ತೆಯ (ಮೃದ್ವಸ್ಥಿ) ಹೊದಿಕೆ ಇದೆ” ಅಂತ ಕಳಿಸಿದೆ. ಅಂಗಡಿಯಿಂದ ಮಾದರಿ ಬಂತು. ಅವರ ಫಾಂಟಿನಲ್ಲಿ ವ ಒತ್ತು, ಥ ಒತ್ತು ಎರಡೂ ಕಳಚಿ ಪಕ್ಕಕ್ಕೆ ಬಿದ್ದಿವೆ. ನಾಲ್ಕೂವರೆ ಆಯಿತು, ಆವರಣ ತೆಗೆಸುತ್ತಿದ್ದೇನೆ. ಮಾಷ್ಟ್ರೇ, ಕ್ಷಮಿಸಿ.