ಗ್ರ್ಯಾಂಡ್ ಕ್ಯಾನ್ಯನ್ ಟೊಂಟೊ ಟ್ರೇಲ್: ಟೆಂಟ್ ಬದಲು ಟಾರ್ಪ್ ಸಾಕೇ? ನೀರು ಎಷ್ಟು ಹೊರಬೇಕು?

ಕಲ್ಲುದಾರಿ:
ಅಕ್ಟೋಬರ್ ಕೊನೆಯಲ್ಲಿ ಇಬ್ಬರು ಹರ್ಮಿಟ್ ಟ್ರೇಲಿನಲ್ಲಿ ಇಳಿದು, ಕಣಿವೆಯ ನಡು ಎತ್ತರದಲ್ಲಿ ಅಡ್ಡಲಾಗಿ ಸಾಗುವ ಟೊಂಟೊ ದಾರಿಯ ಮೇಲೆ ಪೂರ್ವಕ್ಕೆ ನಡೆದು, ಬ್ರೈಟ್ ಏಂಜೆಲ್ ಟ್ರೇಲಿನಲ್ಲಿ ಹತ್ತುತ್ತೇವೆ. ಮೊದಲ ರಾತ್ರಿ ಹರ್ಮಿಟ್ ಕ್ರೀಕ್, ಎರಡನೆಯದು ಮಾನ್ಯುಮೆಂಟ್ ಕ್ರೀಕ್. ಪರ್ಮಿಟ್ ಕೈಲಿದೆ. ಟೆಂಟ್ 1.8 ಕೆಜಿ ಇದೆ; ಅದನ್ನು ಬಿಟ್ಟು 400 ಗ್ರಾಂನ ಸಿಲ್‌ನೈಲಾನ್ (ಸಿಲಿಕೋನ್ ಲೇಪಿತ ನೈಲಾನ್) ಟಾರ್ಪ್ ಹಾಳೆ ಮತ್ತು ನಡಿಗೆಯ ಕೋಲುಗಳಲ್ಲೇ ಸುಧಾರಿಸಬಹುದೇ? ಮ್ಯಾಪಿನಲ್ಲಿ ದಾರಿಗೆ ಅಡ್ಡಲಾಗಿ ಹಲವು ನೀಲಿ ಗೆರೆಗಳಿವೆ. ತಲಾ 2 ಲೀಟರ್ ಹೊತ್ತರೆ ಸಾಕಲ್ಲವೇ?

ಒರತೆ:
2 ಲೀಟರ್ ಸಾಲದು. ಆ ನೀಲಿ ಗೆರೆಗಳನ್ನು ನಂಬಬೇಡಿ. ಹರ್ಮಿಟ್‌ನಲ್ಲಿ ವರ್ಷವಿಡೀ ನೀರು, ಮಾನ್ಯುಮೆಂಟ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ. ಆಮೇಲೆ ಸಿಗುವ ಸೀಡರ್, ಸಾಲ್ಟ್ ಎರಡೂ ಮಳೆ ನಂಬಿದ ಹಳ್ಳಗಳು. ಹಾರ್ನ್ ಕ್ರೀಕ್‌ನಲ್ಲಿ ನೀರು ಕಂಡರೂ ಮುಟ್ಟಬೇಡಿ: ಅದರ ಮೇಲ್ಭಾಗದಲ್ಲಿ 1969ರವರೆಗೆ ನಡೆದ ಲಾಸ್ಟ್ ಆರ್ಫನ್ ಗಣಿಯ ಯುರೇನಿಯಂ ಆ ನೀರಿನಲ್ಲಿದೆ. ಕರಗಿರುವ ಯುರೇನಿಯಂ ನಿಮ್ಮ ಫಿಲ್ಟರಿಗೆ ಸಿಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ.

ಹಾಗಾಗಿ ಮೂರನೇ ದಿನವೇ ಕಷ್ಟದ್ದು. ಮಾನ್ಯುಮೆಂಟ್‌ನಿಂದ ಬ್ರೈಟ್ ಏಂಜೆಲ್ ದಾರಿಯಲ್ಲಿರುವ ಹವಸುಪೈ ಗಾರ್ಡನ್ಸ್ ತಂಗುದಾಣದವರೆಗೆ ಸುಮಾರು 17 ಕಿ.ಮೀ., ನೆರಳೇ ಇಲ್ಲ. ಹೊರಡುವ ಮುನ್ನ ಅರ್ಧ ಲೀಟರ್ ಕುಡಿದು, ತಲಾ 4 ಲೀಟರ್ ಹೊರಿ. ಗಾರ್ಡನ್ಸ್‌ನ ನಲ್ಲಿಗೆ ಬರುವ ಪೈಪ್‌ಲೈನ್ ಆಗಾಗ ಒಡೆಯುತ್ತದೆ. ಆಗ ಪಕ್ಕದ ತೊರೆಯ ನೀರನ್ನು ಸೋಸಿ ಕುಡಿಯಬಹುದು. ಅಲ್ಲಿಂದ ಕಣಿವೆಯ ಮೇಲಿನ ಅಂಚಿಗೆ ಇನ್ನೂ 7 ಕಿ.ಮೀ. ಏರು. ಬರೀ ನೀರು ಕುಡಿದು ಬೆವರಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ ಶುರುವಾಗುತ್ತದೆ. ಕೋಡುಬಳೆಯೋ ಉಪ್ಪುಗಡಲೆಯೋ ಜೇಬಿನಲ್ಲಿರಲಿ.

ಗೂಟಗಾರ:
ಟಾರ್ಪ್ ಸಾಕು, ಉಳಿಸಿದ 1.4 ಕೆಜಿಯಲ್ಲಿ ನೀರು ಹೊರಿ. ಆ ಸಮಯದಲ್ಲಿ ಕಣಿವೆಯ ತಳದಲ್ಲಿ ರಾತ್ರಿ 14 ಡಿಗ್ರಿ ಆಸುಪಾಸು, ಚಳಿಯ ಭಯವಿಲ್ಲ. ತೊಂದರೆ ಇರುವುದು ಗೂಟದಲ್ಲಿ. ನೆಲ ಗಟ್ಟಿ, ಅಲ್ಯೂಮಿನಿಯಂ ಗೂಟ ಬಾಗುತ್ತದೆ, ಹಳ್ಳದ ಮರಳಲ್ಲಿ ನೆಟ್ಟರೆ ಕಿತ್ತು ಬರುತ್ತದೆ. ಮೂಲೆಗೊಂದರಂತೆ ಒಂದು ಮೀಟರ್ ಹೆಚ್ಚುವರಿ ಹುರಿ ಒಯ್ಯಿರಿ. ಹುರಿಯ ತುದಿಯನ್ನು ಮುಷ್ಟಿಗಾತ್ರದ ಕಲ್ಲಿಗೆ ಕಟ್ಟಿ ನೆಲದ ಮೇಲಿಡಿ. ಅದಕ್ಕೂ ಟಾರ್ಪಿಗೂ ನಡುವೆ, ಹುರಿಯ ಮೇಲೆಯೇ, ಎರಡು ಕೈಯಲ್ಲಿ ಎತ್ತುವಂಥ ಕಲ್ಲು ಹೇರಿ. ಗಾಳಿ ಎಳೆದಷ್ಟೂ ಸಣ್ಣ ಕಲ್ಲು ದೊಡ್ಡದಕ್ಕೆ ಒತ್ತಿಕೊಂಡು ಬಿಗಿಯಾಗುತ್ತದೆ. ದೊಡ್ಡ ಕಲ್ಲಿನ ಅಂಚು ಚೂಪಾಗಿದ್ದರೆ ಮಗುಚಿ ಹಾಕಿ, ಇಲ್ಲವಾದರೆ ಬೆಳಗಾಗುವುದರೊಳಗೆ ಹುರಿ ತೇದು ತುಂಡಾಗುತ್ತದೆ. ಕಲ್ಲೆತ್ತುವ ಮುನ್ನ ಕೋಲಿನಿಂದ ಸರಿಸಿ ನೋಡಿ, ಚೇಳಿರುತ್ತದೆ.

ಹೊಸಬರು ಎಡವುವುದು ಇನ್ನೊಂದು ಕಡೆ. ಹಗಲು ಗಾಳಿ ಕಣಿವೆಯ ಮೇಲ್ಮುಖವಾಗಿ ಬೀಸುತ್ತದೆ, ಕತ್ತಲಾದ ಮೇಲೆ ತಣ್ಣನೆಯ ಗಾಳಿ ಇಳಿಯತೊಡಗುತ್ತದೆ. ಸಂಜೆಯ ಗಾಳಿಗೆ ಬೆನ್ನು ಮಾಡಿ ಕಟ್ಟಿದ ಟಾರ್ಪಿನ ಬಾಯೊಳಗೇ ನಡುರಾತ್ರಿ ಮರಳು ನುಗ್ಗುತ್ತದೆ. ಟಾರ್ಪಿನ ತಗ್ಗಿನ ಅಂಚನ್ನು ಮೊದಲೇ ಹಳ್ಳದ ಮೇಲ್ಗಡೆಗೆ ತಿರುಗಿಸಿ ಕಟ್ಟಿ. ಒಣ ಹಳ್ಳದೊಳಗೆ ಮಾತ್ರ ಮಲಗಬೇಡಿ; ನಿಮ್ಮ ತಲೆಯ ಮೇಲೆ ಮೋಡವೇ ಇಲ್ಲದಿದ್ದರೂ ಮೇಲೆಲ್ಲೋ ಬಿದ್ದ ಮಳೆ ನುಗ್ಗಿ ಬರುತ್ತದೆ.

ಕಲ್ಲುದಾರಿ:
ಇಬ್ಬರಿಗೂ ಧನ್ಯವಾದ. ಮಾನ್ಯುಮೆಂಟ್ ಒಣಗಿದ್ದರೆ ನದಿಗೆ ಇಳಿಯಬೇಕಲ್ಲವೇ? ಕೊಲೊರಾಡೊ ನೀರು ಬಗ್ಗಡವಾಗಿದ್ದರೆ ಫಿಲ್ಟರ್ ತಡೆದೀತೇ?

ಒರತೆ:
ಹೌದು, ಗ್ರ್ಯಾನಿಟ್ ರ್‍ಯಾಪಿಡ್ಸ್‌ಗೆ ಇಳಿಯಬೇಕು, ಎರಡೂವರೆ ಕಿ.ಮೀ. ಬಗ್ಗಡವನ್ನು ನೇರ ಸೋಸಿದರೆ ಸಾಯರ್ ಫಿಲ್ಟರ್ ಕೆಲವೇ ಲೀಟರಿಗೆ ಕಟ್ಟಿಕೊಳ್ಳುತ್ತದೆ. ಮನೆಯ ಪಟಿಕವೇ ಮದ್ದು. ಪುಡಿ ಮಾಡಿ, 4 ಲೀಟರಿಗೆ ಕಾಲು ಟೀ ಚಮಚ ಮೀರದಂತೆ ಹಾಕಿ, ಒಂದು ನಿಮಿಷ ಕದಡಿ, ಒಂದು ಗಂಟೆ ಅಲುಗಾಡಿಸದೆ ಬಿಡಿ. ರಾಡಿ ಹತ್ತಿಯಂತೆ ಗಂಟುಗಟ್ಟಿ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಸೋಸಿ. ಪಟಿಕ ಕೆಸರನ್ನಷ್ಟೇ ಇಳಿಸುತ್ತದೆ, ಕ್ರಿಮಿಗಳಿಗೆ ಫಿಲ್ಟರ್ ಬೇಕೇ ಬೇಕು. ಕೆಸರು ತಳಕ್ಕಿಳಿಯಲು ಅಗಲ ಬಾಯಿಯ ಮಡಚುವ ಚೀಲ ಒಯ್ಯಿರಿ, ಸಣ್ಣ ಬಾಯಿಯ ಬಾಟಲಿಯಿಂದ ತಿಳಿ ಬಗ್ಗಿಸುವಾಗ ಕೆಸರು ಮತ್ತೆ ಏಳುತ್ತದೆ.